ಕೊಡ ಎತ್ತಿಕೊಟ್ಟವರ ಬೀದಿ

ಗೇಟಿಗೆ ಒಂದು ಸ್ಲೇಟು ತೂಗುಹಾಕಿದ್ದರು. "ಮನೆ ಬಾಡಿಗೆಗಿದೆ. ಒಳ್ಳೆಯ ಕುಟುಂಬದವರಿಗೆ ಮಾತ್ರ" ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು. ಮೊಮ್ಮಗಳು ವಿಜಯಳಿಗೆ ಕೊಳ್ಳೇಗಾಲಕ್ಕೆ ವರ್ಗವಾಗಿದೆ. ಸ್ಕೂಲಿಗೆ ಹೋಗುವ ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕಲು ಹೊರಟವಳು, "ಅಜ್ಜಿ, ನಿಮಗೆ ಊರು ಗೊತ್ತಲ್ಲ, ಜೊತೆಗೆ ಬನ್ನಿ" ಎಂದು ನನ್ನನ್ನೂ ಎಳೆದುಕೊಂಡು ಬಂದಿದ್ದಳು. ಸ್ಲೇಟು ಓದಿ ನನಗೆ ಮೈಯೆಲ್ಲ ಉರಿಯಿತು. "ಒಳ್ಳೆಯ ಕುಟುಂಬ ಅಂದರೆ ಏನಂತೆ? ತಕ್ಕಡಿಯಲ್ಲಿ ತೂಗಿ ನೋಡುತ್ತಾರೇನು?" ಎಂದು ಬೀದಿಯಲ್ಲೇ ಜಗಳಕ್ಕೆ ನಿಂತೆ. ವಿಜಯ ನನ್ನ ರಟ್ಟೆ ಹಿಡಿದು ಮುಂದಕ್ಕೆ ನಡೆಸಿದಳು.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆ ಹತ್ತಿಕೊಂಡಿತು. ಆ ಮನೆಯವರು ಸ್ಲೇಟಿನ ಮೇಲೆ ಬರೆದು ಹಾಕಿದ್ದರು. ನಾನು ಬರೆಯದೆ, ಬಾಯಿಬಿಟ್ಟು ಹೇಳದೆ, ಅದನ್ನೇ ಇದೇ ಊರಲ್ಲಿ ಮಾಡಿ ಮುಗಿಸಿದವಳು. ನನ್ನ ವಯಸ್ಸಿನವರಿಗೆ ಹಳೆಯದನ್ನು ಹೇಳುವ ಚಟ ಜಾಸ್ತಿ. ನನಗಂತೂ ಕೇಳುವವರು ಆಕಳಿಸಿದರೂ ನಿಲ್ಲಿಸುವ ಅಭ್ಯಾಸವಿಲ್ಲ. ಆದರೆ ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನೀವು ಕೂತಿದ್ದೀರಿ, ಕೇಳಿಸಿಕೊಳ್ಳಿ.

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ನನ್ನ ಯಜಮಾನರು ಹನೂರಿನಲ್ಲಿ ಮರದ ಡಿಪೋ ಗುಮಾಸ್ತರು. ಮಗಳು ಸರಸಿ ಐದನೆಯ ಕ್ಲಾಸು ಮುಗಿಸಿದ್ದಳು, ಮಗ ಅವಳಿಗಿಂತ ಎರಡು ವರ್ಷ ಸಣ್ಣವನು. ನಾವಿದ್ದ ಕಡೆ ಮುಂದೆ ಓದಿಸಲು ಸ್ಕೂಲಿರಲಿಲ್ಲ. ಯಜಮಾನರು ಅಲ್ಲೇ ಉಳಿದು ವಾರಕ್ಕೊಮ್ಮೆ ಬಂದುಹೋಗುವುದು, ನಾನು ಮಕ್ಕಳೊಂದಿಗೆ ಬೇರೆ ಕಡೆ ಮನೆ ಮಾಡುವುದು ಎಂದಾಯಿತು. ಯಳಂದೂರಿನ ಪಕ್ಕದ ಅಗರದಲ್ಲಿದ್ದ ನನ್ನ ತಮ್ಮ, "ಅಕ್ಕಾ, ಯಳಂದೂರ್ಗ ಬಂದ್ಬುಡು, ಅಕ್ಕಿ ರಾಗಿ ನಾನ್ ತಂದಾಕ್ತಿನಿ" ಎಂದ. ನನಗೂ ಆಸೆಯಿತ್ತು. ಆದರೆ ಯಳಂದೂರು ಮೈಸೂರು ಸೀಮೆ. ಅಲ್ಲಿಯ ಪುಸ್ತಕ ಬೇರೆ, ಪರೀಕ್ಷೆ ಬೇರೆ. ಇಲ್ಲಿ ಫಸ್ಟ್ ಫಾರಂ ಎನ್ನುವ ಆರನೆಯ ಕ್ಲಾಸಿಗೆ ಅಲ್ಲಿ ಇನ್ನೊಂದು ಹೆಸರು. "ಸಂಬ್ಳ ಮದ್ರಾಸಿಂದು, ಓದು ಮೈಸೂರಿಂದು ಆದ್ರ, ನಾಳ ನಂಗ ದೂರ ವರ್ಗ ಆದಾಗ ಐಕ್ಳು ಎಲ್ಗ ಸೇರ್ಬೇಕು?" ಎಂದು ಯಜಮಾನರು ಕೇಳಿದರು. ಹೀಗೆ ಕೊಳ್ಳೇಗಾಲವೇ ಗಟ್ಟಿಯಾಯಿತು. ಯಾವ ಬೀದಿ ಎನ್ನುವುದನ್ನು ಮಾತ್ರ ನನಗೆ ಬಿಟ್ಟರು. ಬಿಡಬಾರದಿತ್ತು.

ಹೊರಡುವಾಗ ನಮ್ಮ ಅತ್ತೆ ಹೇಳಿದ ಮಾತು ಇದು: "ಮನ ನೋಡ್ಬ್ಯಾಡ ಕಣ್ಮಗ, ಗ್ವಾಡ ಎಲ್ಲಾರ್ದೂ ಒಂದೇಯ. ಕೊಡ ತಕಂಡು ಬೀದಿ ಬಾವಿಗ ಓಗು. ನೀರ್ ಸೇದು. ತುಂಬುದ್ ಕೊಡವ ಕೇಳ್ದೆ ಯಾರು ಎತ್ತಿಕೊಟ್ಟಾರೋ, ಅವ್ರ ಬೀದೀಲಿ ಮನ ಮಾಡು." ನಮ್ಮ ಮನೆತನದಲ್ಲಿ ಹೆಣ್ಣು ಕೊಡುವಾಗಲೂ ಹೀಗೇ ನೋಡುತ್ತಿದ್ದರು. ಗಂಡಿನ ಮನೆಯ ಹೊಲ ಗದ್ದೆ ನೋಡಲು ಗಂಡಸರು, ಬಾವಿ ನೋಡಲು ಹೆಂಗಸರು.

ಕೊಳ್ಳೇಗಾಲದ ಪೇಟೆಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅಲ್ಲಿ ಇಳಿದು, ಬೆಳಿಗ್ಗೆ ಅವರ ಹಿತ್ತಾಳೆ ಕೊಡ ಸೊಂಟಕ್ಕೇರಿಸಿ ಹೊರಟೆ. ಖಾಲಿ ಕೊಡ ಎದುರಿಗೆ ಬಂದರೆ ಶಕುನ ಕೆಟ್ಟಿತು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೊಡೆ ಹಿಡಿದು ಯಾವುದೋ ಕೆಲಸಕ್ಕೆ ಹೊರಟಿದ್ದ ಒಬ್ಬ ಹಿರಿಯರು ನನ್ನನ್ನು ಕಂಡವರೇ ದುರುಗುಟ್ಟಿ ನೋಡಿ, ಮನೆಗೆ ವಾಪಸು ಹೋಗಿ, ಜಗಲಿಯ ಮೇಲೆ ಕೂತು ನೀರು ತರಿಸಿ ಕುಡಿದರು. ಪಾಪ, ಅವರು ಮತ್ತೆ ಎದ್ದು ಬರುವ ಹೊತ್ತಿಗೆ ನಾನು ದಾರಿ ತಪ್ಪಿ ಅದೇ ಬೀದಿಗೆ ತಿರುಗಿ ಬಂದಿದ್ದೆ. ಅವರು ಆ ದಿನ ಹೊರಟರೋ ಇಲ್ಲವೋ ತಿಳಿಯದು.

ಮೊದಲು ಹೋಗಿದ್ದು ಊರಾಚೆ ಹೊಸದಾಗಿ ಎದ್ದಿದ್ದ ಆಫೀಸರುಗಳ ಬೀದಿಗೆ. ಕಾಂಪೌಂಡು ಗೋಡೆಗಳು, ಬಣ್ಣದ ಕಿಟಕಿಗಳು, ಬಾವಿಯ ರಾಟೆಗೆ ಎಣ್ಣೆ. ಬಾವಿಯ ಹತ್ತಿರ ಒಂದು ನರಪಿಳ್ಳೆಯಿಲ್ಲ. ಕೊಡ ತುಂಬಿಸಿ ಕಟ್ಟೆಯ ಮೇಲಿಟ್ಟು ನಿಂತೆ. ಒಂದು ಕಿಟಕಿಯಿಂದ ಒಬ್ಬಾಕೆ ನೋಡಿದರು, ಪರದೆ ಎಳೆದುಕೊಂಡರು. ಬಹಳ ಹೊತ್ತು ಕಾದು, ಅರ್ಧ ನೀರು ಚೆಲ್ಲಿ, ನಾನೇ ಎತ್ತಿಕೊಂಡು ಬಂದೆ.

ಆಮೇಲೆ ನೇಕಾರರ ಬೀದಿ. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಮಗ್ಗದ ಸದ್ದು. ಬಾವಿಯ ಸುತ್ತ ನಾಲ್ಕೈದು ಹೆಂಗಸರು, ಅವರಲ್ಲಿ ನನ್ನದೇ ವಯಸ್ಸಿನ ಒಬ್ಬಳು ಸೊಂಟಕ್ಕೆ ಕೈಯಿಟ್ಟು, "ಅಗ್ಗ ಕಿತ್ತೋಗಿ ಮೂರ್ ದಿನ ಆಯ್ತು. ಸೇದಕ್ಕ ಎಲ್ರೂ ಬತ್ತೀರಿ, ಗಂಟಾಕಕ್ಕ ಒಬ್ರೂ ಇಲ್ಲ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದಳು. ಅವಳ ಹೆಸರು ಸಣ್ಣಮ್ಮ. ಅವಳ ಮಾತಿನಲ್ಲಿ ನ್ಯಾಯವಿತ್ತು, ಗಂಟಲು ಮಾತ್ರ ದೊಡ್ಡದು. ಕೂಗಾಡುತ್ತಲೇ ಅವಳು ಗಂಟು ಹಾಕಿದ ಹಗ್ಗದಲ್ಲಿ ನಾನು ನೀರು ಸೇದಿ ಕೊಡಕ್ಕೆ ಕೈಹಾಕಿದ್ದೆನೋ ಇಲ್ಲವೋ, ಹಿಂದಿನಿಂದ ಇನ್ನೊಬ್ಬಳು ಬಂದಳು. "ಬುಡಿ, ಬುಡಿ, ಒಬ್ರೇ ಎತ್ತುದ್ರ ಸೊಂಟ ಇಡ್ಕತದ. ಯಾವೂರವ್ವ ನಿಮ್ದು?" ಎನ್ನುತ್ತಾ ಕೊಡವನ್ನು ಎತ್ತಿ ನನ್ನ ಸೊಂಟದ ಮೇಲೆ ಕೂರಿಸಿಯೇಬಿಟ್ಟಳು. ಅವಳು ಚೌಡಮ್ಮ, ಸಣ್ಣಮ್ಮನ ಓರಗಿತ್ತಿ. ಅಣ್ಣತಮ್ಮಂದಿರ ಹೆಂಡಿರು, ಒಂದೇ ಗೋಡೆಯ ಆಚೆ ಈಚೆ ಸಂಸಾರ.

ಚೌಡಮ್ಮನ ಮನೆಯ ಪಕ್ಕದಲ್ಲೇ ಅವರದೇ ಇನ್ನೊಂದು ಮನೆ ಖಾಲಿಯಿತ್ತು. ಎರಡು ಅಂಕಣ, ಹಿಂದೆ ಒಂದು ಕರಿಬೇವಿನ ಗಿಡ. ನನಗೆ ನೋಡಿದ ಕೂಡಲೇ ಒಪ್ಪಿಗೆಯಾಯಿತು. ಬಾಗಿಲಲ್ಲಿ ಕೂತು ರೇಷ್ಮೆ ನೂಲನ್ನು ಸಣ್ಣ ಕಂಡಿಕೆಗಳಿಗೆ ಸುತ್ತುತ್ತಿದ್ದ ಹುಡುಗಿಯೊಬ್ಬಳು ನನ್ನನ್ನೇ ಕಣ್ಣರಳಿಸಿ ನೋಡುತ್ತಿದ್ದಳು. ಚೌಡಮ್ಮನ ಮಗಳು ನಾಗು. ನಮ್ಮ ಸರಸಿಯದೇ ವಯಸ್ಸು.

"ಇದ್ಕ ಓದಕ್ಕ ಆಸ ಕಣವ್ವ" ಎಂದಳು ಚೌಡಮ್ಮ. "ಐದ್ನೇ ಕ್ಲಾಸ್ ಮುಗ್ಸದ. ಪ್ಯಾಟ ದಾಟ್ಕಂಡು ದೊಡ್ ಇಸ್ಕೂಲ್ಗ ಒಬ್ಳೇನ ಕಳ್ಸಲ್ಲ ಅಂತರ ಅವ್ರಪ್ಪ. ಜೊತ್ಗ ಇನ್ನೊಂದ್ ಎಣ್ಣು ಓದ್ರ ಕಳುಸ್ತಿನಿ ಅಂದವ್ರ. ನಮ್ ಬೀದೀಲಿ ಇನ್ಯಾವ್ ಎಣ್ಣೂ ಓಗಲ್ಲ. ನಿಮ್ ಮಗ್ಳು ಬಂದ್ರ ಇದ್ಕೂ ಒಂದ್ ದಾರಿ ಆಯ್ತದ."

ನಾಗು ಕಂಡಿಕೆ ಕೆಳಗಿಟ್ಟು ಕೇಳಿದಳು: "ನಿಮ್ ಮಗ್ಳಿಗ ಲೆಕ್ಕ ಬತ್ತದಾ? ಬರ್ದಿದ್ರ ನಾನ್ ಏಳ್ಕೊಡ್ತಿನಿ."

ಸರಸಿಗೆ ಲೆಕ್ಕ ಬರುತ್ತಿರಲಿಲ್ಲ. ನಾನು ನಕ್ಕು, "ಖಂಡಿತ ಹೇಳಿಕೊಡುವಿಯಂತೆ" ಎಂದೆ. ಚೌಡಮ್ಮ ಕುಂಕುಮವಿಟ್ಟು ಎಲೆ ಅಡಿಕೆ ಕೊಟ್ಟಳು, ತೆಗೆದುಕೊಂಡೆ. ನಮ್ಮ ಕಡೆ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಸ್ಕೂಲು ಬಾಗಿಲು ತೆರೆಯುವ ಮುಂಚಿನ ಸೋಮವಾರ ಹಾಲುಕ್ಕಿಸುವುದೆಂದು ದಿನವನ್ನೂ ನಾನೇ ಹೇಳಿದೆ.

ಅದೇ ಸಂಜೆ ಸೋದರತ್ತೆಯ ಮನೆಗೆ ಯಾವುದೋ ಕಚೇರಿಯ ಹೆಡ್ ಗುಮಾಸ್ತರ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಆಫೀಸರುಗಳ ಬೀದಿಯವರು. ಮೂಗಿನಲ್ಲಿ ಬೇಸರಿ, ಮಾತಿನಲ್ಲಿ ಸಕ್ಕರೆ. ನಾನು ಮನೆ ಗೊತ್ತುಮಾಡಿದ ಸುದ್ದಿ ಹೇಳಿದೆ. "ನೇಕಾರರ ಬೀದಿಯೇ? ಮಗ್ಗದ ಸದ್ದಿನಲ್ಲಿ ಮಕ್ಕಳು ಓದುವುದುಂಟೇ?" ಎಂದರು. ಆಮೇಲೆ ದನಿ ತಗ್ಗಿಸಿ, "ನಾಳೆ ಮಗಳಿಗೆ ಗಂಡು ಬಂದಾಗ ಎಲ್ಲಿ ಬೆಳೆದವಳು ಅಂತ ಕೇಳುತ್ತಾರಲ್ಲ. ನಮ್ಮ ಬೀದಿಯಲ್ಲೇ ಒಂದು ಮನೆಯಿದೆ" ಎಂದರು. ಸದ್ದಿನ ಮಾತು ನೆಪ ಎಂದು ನನಗೆ ಆಗಲೇ ಗೊತ್ತಿತ್ತು. ಎರಡನೆಯ ಮಾತೇ ನನ್ನೊಳಗೆ ಹೋಗಿ ಕೂತಿತು. ಇಷ್ಟು ದೊಡ್ಡವರು ನನ್ನನ್ನು "ನಮ್ಮ ಬೀದಿ"ಗೆ ಕರೆದರಲ್ಲ ಎಂದು ಹಿಗ್ಗಿದೆ. ಬಾವಿ ನೋಡು ಎಂದ ಅತ್ತೆಯ ಮಾತು, ಎಲೆ ಅಡಿಕೆ, ಲೆಕ್ಕ ಹೇಳಿಕೊಡುತ್ತೇನೆಂದ ಹುಡುಗಿ, ಎಲ್ಲವನ್ನೂ ಒಂದು ರಾತ್ರಿಯ ನಿದ್ದೆಯಲ್ಲಿ ಮುಗಿಸಿದೆ. ನಿದ್ದೆ ಚೆನ್ನಾಗಿಯೇ ಬಂತು, ಅದನ್ನೂ ಹೇಳಬೇಕು.

ಹೋಗಿ ಚೌಡಮ್ಮನಿಗೆ ಒಂದು ಮಾತು ತಿಳಿಸಬಹುದಿತ್ತು. ಪೇಟೆಯಿಂದ ಆ ಬೀದಿಗೆ ಎಷ್ಟು ದೂರ? ಎಲೆ ಮೆಲ್ಲುತ್ತಾ ಹೋಗಿಬರಬಹುದು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎಂದುಕೊಂಡೆ. ಆ ಸೋಮವಾರ ಬಂದೇಬಿಟ್ಟಿತು, ನಾನು ಆಫೀಸರುಗಳ ಬೀದಿಯಲ್ಲಿ ಹಾಲುಕ್ಕಿಸಿದೆ.

ಅಲ್ಲಿ ನನಗೆ ಸಿಕ್ಕ ಸುಖವನ್ನೂ ಹೇಳಿಬಿಡುತ್ತೇನೆ. ಅಕ್ಕಪಕ್ಕದವರು ಕೊಯಮತ್ತೂರಿನ ಕಡೆಯಿಂದ ವರ್ಗವಾಗಿ ಬಂದವರು, ಮನೆಯಲ್ಲೆಲ್ಲ ತಮಿಳು. ಅವರ ಮಕ್ಕಳು ಕುದುರೆಗಾಡಿಯಲ್ಲಿ ಸ್ಕೂಲಿಗೆ ಹೋಗುತ್ತಿದ್ದವು. ನಮ್ಮ ಸರಸಿಯನ್ನು ಗಾಡಿಗೆ ಕರೆಯಲಿಲ್ಲ. ಚೆಂಡು ಚರಂಡಿಗೆ ಬಿದ್ದಾಗ ಮಾತ್ರ ಕರೆಯುತ್ತಿದ್ದವು. ನನ್ನ ಮಗನಿಗೆ ಮೊದಲು ಬಂದ ತಮಿಳೆಂದರೆ ಬೈಗುಳ. ಹೆಡ್ ಗುಮಾಸ್ತರ ಹೆಂಡತಿ ಎದುರು ಸಿಕ್ಕರೆ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೇ. ಸರಸಿ ಒಬ್ಬಳೇ ನಡೆದು ಹೋಗುತ್ತಿದ್ದಳು. ಅದರಲ್ಲೂ ನೇಕಾರರ ಬೀದಿಯ ಬಾಯಿ ಹಾದು ಹೋಗಬೇಡ, ಸುತ್ತಿಕೊಂಡು ಹೋಗು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಯಾಕಮ್ಮ ಎಂದು ಕೇಳಿದ್ದಕ್ಕೆ, "ಅಲ್ಲಿ ನಾಯಿಗಳಿವೆ" ಎಂದೆ. ನನ್ನ ನಾಚಿಕೆಗೇಡಿಗೆ ಆ ಮಗು ವರ್ಷವಿಡೀ ಬಿಸಿಲಲ್ಲಿ ಅರ್ಧ ಮೈಲಿ ಹೆಚ್ಚು ನಡೆಯಿತು.

ವರ್ಷ ಒಂದೂವರೆ ಕಳೆದಿರಬೇಕು. ಸಂತೆಯಲ್ಲಿ ಸೊಪ್ಪಿನವಳ ಮುಂದೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವಳು ಚೌಡಮ್ಮ. ಎದ್ದು ಓಡುವ ಹಾಗಿರಲಿಲ್ಲ, ಮಡಿಲಲ್ಲಿ ಸೊಪ್ಪಿತ್ತು. ಬೈಯಲಿ ಎಂದು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ.

"ಚೆಂದಾಗಿದ್ದೀರವ್ವ?" ಎಂದಳು. "ಕೂಸು ಅದ್ನೈದ್ ದಿನ ಬಾಗ್ಲಲ್ಲೇ ಕುಂತಿತ್ತು, ತಲ ಬಾಚ್ಕಂಡು. ಆಮೇಲ ಅವ್ರಪ್ಪ ಕಂಡಿಕ ಸುತ್ತಕ್ಕೇ ಕೂರ್ಸುದ್ರು. ಓಗ್ಲಿ ಬುಡಿ. ನನ್ಗ ಒಂದೇ ತಿಳೀಬೇಕು. ಅವತ್ತು ಬಾವಿ ತಾವ್ ಸಣ್ಣಿ ಬಾಯ್ ಮಾಡುದ್ಲಲ್ಲ, ಅದ್ನ ಕಂಡೇ ತಾನೆ ನೀವು ಬರ್ದೇ ಓದ್ದು? ನಾನು ಅವತ್ನಿಂದ ಅವ್ಳ ಜೊತ ಮಾತ್ ಬುಟ್ಟಿವ್ನಿ. ನನ್ ಮಗೀನ ಓದ್ ಕೆಡುಸ್ದವ್ಳು ಅವ್ಳೇ ಅಂತ."

ಈಗ ನೀವು ಏನು ಕಾಯುತ್ತಿದ್ದೀರೆಂದು ನನಗೆ ಗೊತ್ತು. ಅಲ್ಲ ಚೌಡಮ್ಮ, ಅವಳದೇನೂ ತಪ್ಪಿಲ್ಲ, ನಿಮ್ಮ ಬೀದಿ ನನ್ನ ಅಂತಸ್ತಿಗೆ ಕಡಿಮೆ ಅನ್ನಿಸಿತು ಎಂದು ಹೇಳಬೇಕಿತ್ತು. ಅವಳ ಮುಖ ನೋಡಿದೆ. ಸುಲಭವಾದ ಬಾಗಿಲೊಂದನ್ನು ಅವಳೇ ತೆರೆದು ಹಿಡಿದಿದ್ದಳು.

"ಹೂಂ" ಎಂದೆ.

ಮಾತು ತಪ್ಪಿದ್ದಕ್ಕಿಂತ, ಸುತ್ತಿನ ದಾರಿಗಿಂತ, ಈ ಒಂದು "ಹೂಂ" ನನ್ನನ್ನು ಜೀವಮಾನವಿಡೀ ಸುಟ್ಟಿದೆ. ಮುಂದೆ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಯಜಮಾನರಿಗೆ ವರ್ಗವಾಯಿತು, ನಾವು ಊರು ಬಿಟ್ಟೆವು. ಸರಸಿ ಲೆಕ್ಕದಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದಳು. ಅವಳ ಮಗಳೇ ಈ ವಿಜಯ.

ವಿಜಯಳಿಗೂ ಇಷ್ಟನ್ನು, ಬೀದಿಯ ಬದಿಯ ಒಂದು ಕಲ್ಲಿನ ಮೇಲೆ ಕೂತು ಹೇಳಿದೆ. ಅವಳ ಮಕ್ಕಳು ಬಾಯಿ ತೆರೆದು ಕೇಳಿದವು. ವಿಜಯ ನನ್ನನ್ನು ಸಮಾಧಾನ ಮಾಡಲಿಲ್ಲ. "ಆ ಮನೆ ಎಲ್ಲಿ?" ಎಂದಳು.

ಬೀದಿ ಸಿಕ್ಕಿತು. ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದ ಹೆಂಗಸನ್ನು ಚೌಡಮ್ಮನ ಮನೆ ಯಾವುದೆಂದು ಕೇಳಿದರೆ, "ಅವ್ವ ತೀರ್ಕಂಡು ಒಂಬತ್ ವರ್ಷ ಆಯ್ತು. ನಾನು ನಾಗು" ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸಂತೆಯ ಮಾತನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟು ಕನ್ನಡಕ ತೆಗೆದಳು.

"ನಂದು ಬುಡಿ" ಎಂದಳು. "ಆದ್ರ ಸಣ್ಣಮ್ಮ ಚಿಕ್ಕವ್ವ ಇನ್ನೂ ಅವ್ಳ, ಪಕ್ಕದ್ ಮನೇಲೇ ಅವ್ಳ. ನಮ್ಮವ್ವ ಸಾಯಾಗಂಟ ಅವ್ಳ ಕೈಲಿ ನೀರ್ ಈಸ್ಕಳ್ನಿಲ್ಲ. ಬೀದಿಯೋರೂ ಅವ್ಳ ಬಾಯ್ಗೇ ಎದ್ರಿ ಬಾಡ್ಗ್ಯೋರು ಓಡೋದ್ರು ಅಂತ ಆಡ್ಕಂಡ್ರು. ಅವ್ಳ್ಗ ಏಳಿ. ಕಿವಿ ಮಂದ, ಕೂಗಿ ಏಳ್ಬೇಕು."

ಸಣ್ಣಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಗುರುತು ಹತ್ತಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಕಿವಿಯ ಹತ್ತಿರ ಬಗ್ಗಿ, ಆದಷ್ಟು ಸಣ್ಣ ಗಂಟಲಲ್ಲಿ, "ಅವತ್ತು ನಾನು ಬರದೇ ಹೋಗಿದ್ದು ನಿನ್ನಿಂದಲ್ಲ ಸಣ್ಣಮ್ಮ. ದೊಡ್ಡವರ ಬೀದಿಗೆ ಆಸೆಪಟ್ಟು ಹೋದೆ. ಚೌಡಮ್ಮನಿಗೆ ಸುಳ್ಳು ಹೇಳಿದೆ" ಎಂದೆ.

ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆ ಹಿಡಿದು ಎದ್ದಳು. ನನ್ನ ಕೈ ಹಿಡಿದು ಹೊಸಿಲು ದಾಟಿಸಿ, ಜಗಲಿಯಿಂದ ಇಳಿಸಿ, ಬೀದಿಯ ನಡುವೆ ತಂದು ನಿಲ್ಲಿಸಿದಳು. ಅಕ್ಕಪಕ್ಕದ ಬಾಗಿಲುಗಳಿಂದ ಒಂದೊಂದು ತಲೆ ಇಣುಕಿತು.

"ಇಲ್ಲಿ ನಿಂತ್ಕಂಡು ಏಳು" ಎಂದಳು. "ಎಲ್ರೂ ಕೇಳ್ಲಿ."

ವಿಜಯ ಮಕ್ಕಳ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ನಾನು ಗಂಟಲೆತ್ತಿ ಹೇಳಿದೆ.