ಇಪ್ಪತ್ತೇಳನೇ ರೂಮಿನ ಕಾವಲು

ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಸಮುದ್ರ ನೋಡಬೇಕೆಂದರೆ ಈಗಿನ ಹಾಗೆ ಶನಿವಾರ ಬೆಳಿಗ್ಗೆ ಕಾರು ಹತ್ತಿ ಭಾನುವಾರ ಸಂಜೆಗೆ ವಾಪಸು ಬರುವ ಮಾತೇ ಇರಲಿಲ್ಲ. ನಮ್ಮ ಸಿ.ಎಸ್. ಪುರದ ಕಡೆಯವರಿಗೆ ದೊಡ್ಡ ನೀರು ಅಂದರೆ ಕೆರೆ, ಅದೂ ತುಂಬಿದ ವರ್ಷ. ಅಂಥದ್ದರಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನಾನು ಹನ್ನೆರಡು ದಿನ ಮಂಗಳೂರಿನ ಒಂದು ಲಾಡ್ಜಿನಲ್ಲಿದ್ದೆ. ರಜೆ ಮುಗಿದ ಮೇಲೆ ಸ್ಕೂಲಿನಲ್ಲಿ ಇದನ್ನು ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ಟೀಚರೇ "ಸಾಕಮ್ಮ ನಿನ್ನ ಮಂಗಳೂರು" ಅಂದುಬಿಟ್ಟರು. ಅದರಲ್ಲಿ ಒಂದು ದಿನದ ಕಥೆಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಅಪ್ಪ ಗುಬ್ಬಿಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಆ ವರ್ಷ ಉತ್ತರಪತ್ರಿಕೆ ತಿದ್ದುವ ಡ್ಯೂಟಿ ಅವರಿಗೆ ಮಂಗಳೂರಿನಲ್ಲಿ ಬಿತ್ತು. ಒಬ್ಬರೇ ಹೋಗುವುದೆಂದು ಮೊದಲು ತೀರ್ಮಾನವಾಗಿತ್ತು. ನಾನು ಅತ್ತು ರಂಪ ಮಾಡಿದೆ, ಅಮ್ಮ ಮುಖ ಊದಿಸಿಕೊಂಡರು, ಅಪ್ಪ ಸೋತರು. ಬ್ಯಾಗು ತುಂಬಿದ ಮೇಲೆ ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು, "ನಾನೂ ಬತ್ತೀನಿ ಕಣಪ್ಪ. ಸಮುದ್ರ ಹೆಂಗೈತೆ ಅಂತ ಒಂದ್ಸಲ ನೋಡ್ಬುಡ್ತೀನಿ" ಅಂದರು. ಹುತ್ರಿದುರ್ಗ ಅಜ್ಜಿಯ ತವರು. ಆ ಬೆಟ್ಟ ಬಿಟ್ಟರೆ ವರ್ಷಕ್ಕೆರಡು ಸಲ ಯಡಿಯೂರಿನ ದೇವಸ್ಥಾನ, ಅಷ್ಟೇ ಅವರು ಕಂಡ ಪ್ರಪಂಚ. ಬೇಡ ಅನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ.

ಲಾಡ್ಜು ಬಂದರಿನ ಕಡೆ ಇಳಿಯುವ ರಸ್ತೆಯಲ್ಲಿತ್ತು. ನಾಲ್ಕು ಮಹಡಿ, ಹೆಂಚಿನ ತಲೆ. ಅದರ ವಿಷಯದಲ್ಲಿ ಸುಳ್ಳು ಹೇಳಬಾರದು: ಚೆನ್ನಾಗೇನೂ ಇರಲಿಲ್ಲ. ಗೋಡೆ ಮುಟ್ಟಿದರೆ ಸುಣ್ಣ ಅಂಗೈಗೆ ಅಂಟುತ್ತಿತ್ತು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಇಪ್ಪತ್ತೈದನೇ ರೂಮಿನ ಪಕ್ಕ ಇಪ್ಪತ್ತೊಂದು, ಅದರ ಪಕ್ಕ ನಮ್ಮ ಇಪ್ಪತ್ತೇಳು. ಯಾಕೆ ಹೀಗೆ ಎಂದು ಕೇಳಿದರೆ ಮ್ಯಾನೇಜರು "ಅದು ಮೊದಲಿಂದಲೂ ಹಾಗೇ" ಅನ್ನುತ್ತಿದ್ದರು. ಲಿಫ್ಟು ಕೆಳಗೆ ಬಿಟ್ಟರೆ ಎರಡನೇ ಮಹಡಿ ಮತ್ತು ನಾಲ್ಕನೇ ಮಹಡಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಮೂರನೇ ಮಹಡಿಯ ನಾವು ನಾಲ್ಕಕ್ಕೆ ಹೋಗಿ ಮೆಟ್ಟಿಲಿಳಿದು ಬರಬೇಕು.

'ಸಮುದ್ರ ಕಾಣುವ ರೂಮು' ಎಂದು ಹೇಳಿ ಕೊಟ್ಟಿದ್ದರು. ಕಿಟಕಿ ತೆಗೆದರೆ ನಿಜವಾಗಿಯೂ ಸಮುದ್ರ ಕಂಡಿತು, ಬಣ್ಣದಲ್ಲಿ ಬರೆದದ್ದು. ಹಿಂದೆ ಅಲ್ಲಿಂದ ಸಮುದ್ರ ಕಾಣುತ್ತಿತ್ತಂತೆ. ಮಧ್ಯೆ ಯಾರೋ ಕಟ್ಟಡ ಎಬ್ಬಿಸಿದಾಗ ಲಾಡ್ಜಿನ ಯಜಮಾನರು ಅವರ ಒಪ್ಪಿಗೆ ಕೇಳಿ ಆ ಗೋಡೆಗೇ ಅಲೆ, ದೋಣಿ, ಮುಳುಗುವ ಸೂರ್ಯ ಎಲ್ಲ ಬರೆಸಿದ್ದರು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಇದಕ್ಕಿಂತ ನಮ್ಮ ಬಸ್‌ಸ್ಟ್ಯಾಂಡ್ ಹೋಟ್ಲು ಗೋಡೆ ಮೇಲಿರೋದೇ ವಾಸಿ" ಅಂದರು. ನಿಜವಾದ ಸಮುದ್ರವನ್ನು ಕೊನೆಯ ದಿನ ಎಲ್ಲರೂ ಒಟ್ಟಿಗೆ ನೋಡುವುದೆಂದು ಅಪ್ಪ ಮಾತು ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಹೋದವರು ಕೆಂಪು ಇಂಕಿನ ಕೈಯಲ್ಲಿ ಸಂಜೆ ಬರುತ್ತಿದ್ದರು, ಅವರದೇನೂ ತಪ್ಪಿಲ್ಲ.

ಮ್ಯಾನೇಜರಿಗೆ ಮರಳೆಂದರೆ ಆಗದು. ಬಾಗಿಲ ಹತ್ತಿರ ಒಂದು ನಲ್ಲಿ, ಅದರ ಮೇಲೆ ಬೋರ್ಡು: 'ಕಾಲು ತೊಳೆಯದೆ ಒಳಗೆ ಬರಬಾರದು.' ಹೊರಗೇ ಹೋಗದವರೂ ತೊಳೆಯಬೇಕು. ಅವರ ಮೇಜಿನ ಹಿಂದೆ ಒಂದು ಗಾಜಿನ ಬೀರು ಇತ್ತು. ಗಿರಾಕಿಗಳು ರೂಮಿನಲ್ಲಿ ಬಿಟ್ಟುಹೋದ ವಸ್ತುಗಳೆಲ್ಲ ಅದರಲ್ಲಿ. ಕನ್ನಡಕ, ಬಾಚಣಿಗೆ, ಮಗುವಿನ ಒಂಟಿ ಬೂಟು, ಒಂದು ಜೊತೆ ಹಲ್ಲಿನ ಸೆಟ್ಟು. ಪ್ರತಿಯೊಂದರ ಕೆಳಗೂ ಎಲ್ಲಿ ಸಿಕ್ಕಿತೆಂದು ಬರೆದ ಚೀಟಿ. "ಹಲ್ಲು ಬಿಟ್ಟು ಹೋದವರು ಊಟ ಹೇಗೆ ಮಾಡ್ತಾರೆ?" ಎಂದು ನಾನು ಕೇಳಿದ್ದಕ್ಕೆ, "ಅದೇ ನನಗೂ ಚಿಂತೆ ಮಾರಾಯ್ತಿ. ಬಂದೇ ಬರ್ತಾರೆ, ಇರ್ಲಿ" ಅಂದಿದ್ದರು.

ಅಜ್ಜಿಗೆ ಕೆಳಗಿನ ಹೋಟೆಲಿನ ಮೀನಿನ ವಾಸನೆಯೇ ದೊಡ್ಡ ಶಿಕ್ಷೆಯಾಯಿತು. ಊರಿಂದ ತಂದ ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು, ಬಾಳೆಹಣ್ಣು ತಿಂದು ದಿನ ತಳ್ಳಿದರು. ಆದರೆ ಪೂಜೆ ತಪ್ಪಿಸಲಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಬರೆದ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಅರ್ಧ ಗಂಟೆ. ಅದಾಗದೆ ಒಂದು ತೊಟ್ಟು ನೀರೂ ಬಾಯಿಗಿಲ್ಲ. ಅಜ್ಜಿ ಹುಟ್ಟಿದಾಗ ಅಯ್ಯನವರು ಕಟ್ಟಿದ ಲಿಂಗ ಅದು. ಲಿಂಗವಿಡುವ ಬೆಳ್ಳಿಯ ಕರಡಿಗೆ ಅವರಿಗೆ ಸೇರದು, ಬಿಳಿ ಬಟ್ಟೆಯಲ್ಲಿ ಸುತ್ತಿ ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಅದು ಅವರ ಮೈಯಿಂದ ದೂರವಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಐದಾರು ದಿನಕ್ಕೆ ಆ ಸೆಕೆಗೆ ಅಜ್ಜಿಯ ಕೊರಳ ಸುತ್ತ, ಎದೆಯ ಮೇಲೆ ಬೆವರುಸಾಲೆ ಎದ್ದಿತು. ದಾರ ಉಜ್ಜಿ ಉಜ್ಜಿ ರಕ್ತ ಜಿನುಗುವ ಹಾಗಾಯಿತು. "ಸ್ವಲ್ಪ ಹೊತ್ತು ಬಿಚ್ಚಿಡಿ ಅತ್ತೆ" ಅಂತ ಅಮ್ಮ ಅಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಏಳನೇ ದಿನ ಮಧ್ಯಾಹ್ನ ಅಮ್ಮ ಬಾಳೆಹಣ್ಣು ತರಲು ಹೋಗಿದ್ದಾಗ, ಅಜ್ಜಿಗೆ ತಾಳಲಾಗಲಿಲ್ಲ. ಹಿಂದಿನ ದಿನ ಒಗೆದು ಬಂದಿದ್ದ, ಇನ್ನೂ ಬಳಸದ ಲಾಡ್ಜಿನ ಟವೆಲನ್ನು ಮಡಿಸಿ ಮೇಜಿನ ಮೇಲಿಟ್ಟು, ಲಿಂಗದ ಗಂಟನ್ನು ಕೊರಳಿಂದ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು ಅದರ ಮೇಲಿಟ್ಟರು.

"ಮಗ, ನೀನು ಇಲ್ಲೇ ಕುಂತಿರು. ಹತ್ತು ನಿಮಿಷ ಹಂಗೇ ಗಾಳಿಗೆ ಒರಗ್ತೀನಿ. ಎಲ್ಲಿಗೂ ಎದ್ದು ಹೋಗಬ್ಯಾಡ."

"ಏಳಲ್ಲ ಬುಡಜ್ಜಿ."

ಅಜ್ಜಿಗೆ ಒರಗಿದ್ದೇ ನಿದ್ದೆ ಹತ್ತಿತು. ಏಳು ದಿನದ ಮೇಲೆ ಬಂದ ಸರಿಯಾದ ನಿದ್ದೆ ಇರಬೇಕು, ಗೊರಕೆಯೂ ಬಂತು. ನಾನು ಕೂತಿದ್ದೆ. ಆಮೇಲೆ ಲಿಫ್ಟಿನ ಕಬ್ಬಿಣದ ಬಾಗಿಲು ಕಿರ್ರೆಂದ ಸದ್ದು ಕೇಳಿಸಿತು. ಮಕ್ಕಳು ಒಬ್ಬರೇ ಹತ್ತಬಾರದೆಂದು ಮ್ಯಾನೇಜರು ಬೈದಿದ್ದರು. ಮಧ್ಯಾಹ್ನ ಆ ಹೊತ್ತಿಗೆ ಅವರು ಮೇಜಿನಲ್ಲೇ ತೂಕಡಿಸುತ್ತಾರೆಂದು ನನಗೆ ಗೊತ್ತಿತ್ತು. ಬಾಗಿಲನ್ನು ಸದ್ದಾಗದ ಹಾಗೆ ಅರ್ಧ ಎಳೆದು ಹೊರಟೆ. ನಾಲ್ಕರಿಂದ ಎರಡು, ಎರಡರಿಂದ ನಾಲ್ಕು, ಎಷ್ಟು ಸಲವೋ. ವಾಪಸು ಬರುವಾಗ ಮೆಟ್ಟಿಲಿನಲ್ಲಿ ಲೀಲಕ್ಕ ಎದುರಾದಳು. ಮಾಸಿದ ಟವೆಲು ಒಯ್ದು ಒಗೆದದ್ದನ್ನು ಇಟ್ಟುಹೋಗುವುದು ಆಕೆಯ ದಿನದ ಕೆಲಸ. ಕಂಕುಳಲ್ಲಿ ಬಿಳಿ ಮೂಟೆ. ನನ್ನನ್ನು ನೋಡಿ ನಕ್ಕಳು, ನಾನೂ ನಕ್ಕೆ.

ನಾನು ಬಂದು ಕುರ್ಚಿಯಲ್ಲಿ ಕೂತೆ. ಅಜ್ಜಿ ಎದ್ದು ಮೇಜಿನ ಕಡೆ ಕೈ ಚಾಚಿದರು. ಮಡಿಸಿದ ಟವೆಲಿತ್ತು. ಅದರ ಮೇಲೆ ಏನೂ ಇರಲಿಲ್ಲ.

"ಮಗ, ನನ್ನ ಶಿವ ಎಲ್ಲಿ?"

ಅಜ್ಜಿಯ ಆ ಮುಖ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದನ್ನು ನೋಡಿದ್ದೇ ನನ್ನ ಬಾಯಿಂದ ಮಾತು ತಾನಾಗಿ ಬಂತು. "ನಾನು ಇಲ್ಲೇ ಕುಂತಿದ್ದೆ ಅಜ್ಜಿ. ಯಾರೂ ಬರ್ಲಿಲ್ಲ."

ಆ ಒಂದು ಮಾತಿನ ಮೇಲೆ ಎಲ್ಲರೂ ಹುಡುಕಿದರು. ಅಮ್ಮ ಹಾಸಿಗೆ ಕೊಡವಿದರು, ಬ್ಯಾಗುಗಳನ್ನು ಬೋರಲು ಹಾಕಿದರು. ಸಂಜೆ ಬಂದ ಅಪ್ಪ ಪ್ಯಾಂಟು ಮಡಿಸಿಕೊಂಡು ಮಂಚದ ಕೆಳಗೆ ತೆವಳಿದರು. ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ, "ಕೆಳಗೆ ಒಂದು ಮಾತು ಕೇಳಿ ಬರ್ಲೇನಮ್ಮ?" ಅಂದರು.

ಅಜ್ಜಿ ಅದಕ್ಕೆ ಒಪ್ಪಲಿಲ್ಲ. "ಯಾರೂ ಬಂದಿಲ್ಲ ಅಂತ ಮಗು ಹೇಳ್ತಾ ಐತೆ. ಬರದೇ ಇದ್ದೋರ ಮೇಲೆ ಯಾಕಪ್ಪ ಅನುಮಾನ? ಪಾಪ, ದುಡ್ಕೊಂಡು ತಿನ್ನೋರು. ಇಲ್ಲೇ ಐತೆ, ಹುಡುಕಿ."

ಲಿಂಗ ಕೈಗೆ ಸಿಗುವ ತನಕ ಅಜ್ಜಿ ಏನೂ ಮುಟ್ಟುವುದಿಲ್ಲ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ, ನಮ್ಮ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವುದೇ. ಅಮ್ಮ ಲೋಟದಲ್ಲಿ ನೀರು ಹಿಡಿದು ನಿಂತರು, ಅಜ್ಜಿ ಮುಖ ಆಚೆ ತಿರುಗಿಸಿದರು. ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆಗೆ ಅಜ್ಜಿಯ ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು, ಕೂರಲು ಹೋದರೆ ತಲೆ ಸುತ್ತುತ್ತಿತ್ತು. ಆ ಸೆಕೆಯಲ್ಲಿ ನಮಗೇ ಗಂಟೆಗೊಂದು ಲೋಟ ನೀರು ಬೇಕು. ಇವರಿಗೆ ಅರವತ್ತೆಂಟು ವರ್ಷ.

ಅಪ್ಪ ಡ್ಯೂಟಿಗೆ ಹೋಗದೆ ನಿಂತರು. "ಇಲ್ಲೂ ಯಾರಾದ್ರೂ ಅಯ್ಯನೋರು ಇರ್ತಾರೆ, ವಿಚಾರಿಸ್ತೀನಿ. ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು, ನೀನು ಮೊದ್ಲು ನೀರು ಕುಡಿ."

"ಇನ್ನೊಂದು ಕಟ್ಟಿಸ್ಕೊಳ್ಳಕ್ಕೆ ಅದೇನು ವಾಚೇನ್ಲಾ?" ಅಜ್ಜಿಯ ದನಿ ಒಣಗಿತ್ತು, ಕೋಪ ಮಾತ್ರ ಹಾಗೇ ಇತ್ತು.

ಅಮ್ಮ ನನ್ನ ಮುಂದೆ ಇಡ್ಲಿ ಇಟ್ಟರು. ಹಸಿವಿದ್ದರೂ ತಟ್ಟೆಯಲ್ಲೇ ಕೈಯಾಡಿಸುತ್ತಿದ್ದೆ. ಅಜ್ಜಿ ಮಲಗಿದ್ದಲ್ಲಿಂದಲೇ ನೋಡಿ, "ತಿನ್ನು ಮಗ. ನೀನ್ಯಾಕೆ ಉಪವಾಸ? ನೀನೇನು ಮಾಡಿದ್ದೀಯ?" ಅಂದರು.

ನಾನು ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಲಿಫ್ಟು, ಅರ್ಧ ಎಳೆದ ಬಾಗಿಲು, ಲೀಲಕ್ಕನ ಮೂಟೆ, ಎಲ್ಲವನ್ನೂ ಹೇಳಿದೆ. ಅಪ್ಪನ ಕೈ ಮೇಲೆದ್ದಿತು. "ಬುಡ್ಲಾ ಅವಳ್ನ! ಮೊದ್ಲು ಕೆಳಕ್ಕೆ ಹೋಗು" ಎಂದು ಅಜ್ಜಿ ಎದ್ದೇ ಕೂತರು. ಅಪ್ಪನಿಗಿಂತ ಮುಂದಾಗಿ ನಾನು ಓಡಿದೆ. ಲಿಫ್ಟು ಹತ್ತಲಿಲ್ಲ.

ಗಾಜಿನ ಬೀರುವಿನ ಮೇಲಿನ ಸಾಲಿನಲ್ಲಿ, ಹಲ್ಲಿನ ಸೆಟ್ಟು, ಬಾಚಣಿಗೆಗಳನ್ನೆಲ್ಲ ಕೆಳಗಿಳಿಸಿ ಜಾಗ ಮಾಡಿದ್ದರು. ಬಿಳಿ ಬಟ್ಟೆ ಬಿಚ್ಚಿ ಹಾಸಿತ್ತು. ಅದರ ಮೇಲೆ ಅಜ್ಜಿಯ ಲಿಂಗ, ಕಪ್ಪಗೆ ನುಣ್ಣಗೆ. ಅದರ ಮುಂದೆ ಒಂದು ದಾಸವಾಳ. ಕೆಳಗಿನ ಚೀಟಿಯಲ್ಲಿ ಬರೆದಿತ್ತು: 'ಟವೆಲಿನ ಮೂಟೆಯಲ್ಲಿ ಸಿಕ್ಕಿದ್ದು. ಯಾವ ರೂಮು ಗೊತ್ತಿಲ್ಲ.'

"ಇದು ನಿಮ್ಮದಾ?" ಮ್ಯಾನೇಜರು ಎದ್ದು ನಿಂತರು. "ನಿನ್ನೆ ಮಧ್ಯಾಹ್ನದಿಂದ ಇಲ್ಲೇ ಉಂಟಲ್ಲ ಮಾರಾಯ್ರೆ. ಎಂಥದು ಅಂತ ನನಗೆ ಗೊತ್ತಾಗ್ಲಿಲ್ಲ. ಯಾರದ್ದೋ ದೇವರ ಹಾಗೆ ಕಾಣ್ತದೆ ಅಂತ ಲೀಲ ಹೇಳಿದ್ಲು, ಹೂ ಅವಳೇ ಇಟ್ಟದ್ದು. ಯಾರಾದ್ರೂ ಕೇಳಿಕೊಂಡು ಬರ್ತಾರೆ ಅಂತ ಕಾದೆ. ಒಂದು ಮಾತು ಕೇಳ್ಬಾರ್ದಿತ್ತಾ?"

ಹಿಂದೆಯೇ ಇಳಿದು ಬಂದಿದ್ದ ಅಪ್ಪ "ತಪ್ಪಾಯ್ತು" ಅಂದರು. ನಾನು ಕೈ ಚಾಚಿದೆ. ಮ್ಯಾನೇಜರು ಕೊಡಲಿಲ್ಲ. "ಕೈ ತೊಳ್ಕೊಂಡು ಬಾ ಮೊದ್ಲು" ಎಂದು ನಲ್ಲಿ ತೋರಿಸಿದರು. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಕೈ ತೊಳೆದಿಲ್ಲ.

ಅಜ್ಜಿ ಅಮ್ಮನ ತೋಳು ಹಿಡಿದು ಸ್ನಾನಕ್ಕೆ ಹೋದರು. ಆ ದಿನದ ಪೂಜೆ ಒಂದು ಗಂಟೆ ನಡೆಯಿತು. ಕಣ್ಣೀರು ವಿಭೂತಿಯ ಮೇಲೆ ಹರಿದು ಕೆನ್ನೆಯಲ್ಲಿ ಗೆರೆಯಾಗಿತ್ತು. ಗಂಟನ್ನು ಹುಣ್ಣಿನ ಮೇಲೆಯೇ ಕಟ್ಟಿಕೊಂಡರು. ಆಮೇಲೆ ನೀರು, ಒಂದು ಬಟ್ಟಲು ಹುರಿಹಿಟ್ಟು. ಅವರು ನುಂಗುವುದನ್ನು ನಾವು ಮೂವರೂ ನೋಡುತ್ತಾ ಕೂತಿದ್ದೆವು.

"ನನ್ನ ಬಯ್ಯಲ್ವಾ ಅಜ್ಜಿ?" ಅಂದೆ.

"ಸುಳ್ಳು ಹೇಳಿದ್ದಕ್ಕೆ ನಿಮ್ಮಪ್ಪ ಬಯ್ತಾನೆ ಬುಡು. ಮಿಕ್ಕಿದ್ದು ನನ್ನ ತಪ್ಪೇ ಕಣೇ. ಮೈ ಮೇಲಿರೋದನ್ನ ತೆಗೆದು ಮೇಜಿನ ಮೇಲಿಟ್ಟು ಕಾವಲು ಕೂರಿಸ್ದೆ. ಮೈ ಮೇಲೆ ಇದ್ದಿದ್ರೆ ಕಾವಲು ಯಾಕೆ ಬೇಕಿತ್ತು? ಯಡಿಯೂರಿಗೆ ಹೋಗಿ ತಪ್ಪಾಯ್ತು ಅಂತ ಹೇಳ್ಕೊಂಡು ಬತ್ತೀನಿ." ಹೊರಡುವ ದಿನ ಲೀಲಕ್ಕನನ್ನು ಕರೆದು, ಉಳಿದಿದ್ದ ಹುರಿಹಿಟ್ಟು, ಬೆಲ್ಲ ಎಲ್ಲವನ್ನೂ ಆಕೆಯ ಸೆರಗಿಗೆ ಕಟ್ಟಿದರು. "ನನ್ನ ಪೂಜೆ ಒಂದಿನ ನೀನು ಮಾಡ್ದೆ ಕಣಮ್ಮ" ಅಂದರು.

ಅಂದು ಸಂಜೆ ಸಮುದ್ರ ನೋಡಿದೆವು. ಅಜ್ಜಿ ಕಾಲು ಮುಳುಗುವಷ್ಟು ನೀರಿಗಿಳಿದು, ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಎದೆಯ ಗಂಟು ಹಿಡಿದು ನಿಂತಿದ್ದರು. "ದೊಡ್ಡದೇ ಐತೆ" ಅಂದರು.

ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡುವಾಗ ಆ ಲಿಂಗವನ್ನು ಅವರ ಎಡಗೈಯಲ್ಲೇ ಇಟ್ಟೆವು. ಹೋದ ವರ್ಷ ಆಫೀಸಿನ ಟ್ರೈನಿಂಗಿಗೆಂದು ಮಂಗಳೂರಿಗೆ ಹೋದಾಗ ಲಾಡ್ಜು ಹುಡುಕಿದೆ. ಹೆಸರು ಬದಲಾಗಿದೆ, ಲಿಫ್ಟು ಎಲ್ಲ ಮಹಡಿಯಲ್ಲೂ ನಿಲ್ಲುತ್ತದೆ. ಗಾಜಿನ ಬೀರುವಿನ ಜಾಗದಲ್ಲಿ ಟಿವಿ ಇದೆ. ಬಿಟ್ಟುಹೋದ ಸಾಮಾನಿಗೆ ನಾವು ಜವಾಬ್ದಾರರಲ್ಲ ಎಂಬ ಬೋರ್ಡಿದೆ. ನನಗೆ ಕೊಟ್ಟ ರೂಮಿನ ಕಿಟಕಿಯಾಚೆ ಆ ಗೋಡೆ ಇನ್ನೂ ಇತ್ತು, ಸಮುದ್ರ ಇರಲಿಲ್ಲ, ಬಿಳಿ ಬಣ್ಣ ಬಳಿದಿದ್ದರು.

ತುಮಕೂರಿಗೆ ವಾಪಸು ಬಂದವಳಿಗೆ ಬಟ್ಟೆ ಎತ್ತಿಡುವಾಗ ನನ್ನ ಲಿಂಗದ ನೆನಪಾಯಿತು. ನಾನು ಹುಟ್ಟಿದಾಗ ಅಜ್ಜಿಯೇ ಅಯ್ಯನವರನ್ನು ಕರೆಸಿ ಕಟ್ಟಿಸಿದ್ದು. ಮದುವೆಯ ದಿನ ಕೊರಳಲ್ಲಿತ್ತು. ಆಮೇಲೆ ಬೀರುವಿನಲ್ಲಿ ಇಟ್ಟೆ, ಮನೆ ಬದಲಾಯಿಸುವಾಗ ಯಾವುದೋ ಡಬ್ಬಿಯಲ್ಲಿ ಹಾಕಿದೆ. ಅಂದು ಎರಡು ಖಾನೆ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ. ಅದು ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಮೂರು ಹೊತ್ತೂ ಊಟ ಮಾಡುತ್ತಿದ್ದೇನೆ.