ಅವ್ವ ಹತ್ತಿದ ಜೀಪು

ಅವ್ವ ನಾಸಿಕ್ ರೋಡಿಗೆ ಬಂದು ಆರೇಳು ತಿಂಗಳಾಗಿದ್ದರೂ ಚರ್ಚಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಆಡುವುದಾದರೂ ಹೇಗೆ? ಅಪ್ಪ ತೀರಿಕೊಂಡ ಮೇಲೆ ನಾನು ಅವಳನ್ನು ಬೀದರಿನಿಂದ ಕರೆತಂದಿದ್ದೆ. ಅಲ್ಲಿ ಕನ್ನಡದಲ್ಲಿ ಹಾಡಿ, ಕನ್ನಡದಲ್ಲಿ ಪ್ರಾರ್ಥಿಸಿ, ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಊರವರನ್ನೆಲ್ಲ ಕನ್ನಡದಲ್ಲೇ ಆಡಿಕೊಂಡು ಬಾಳಿದ ಹೆಂಗಸು ಅವಳು. ಇಲ್ಲಿ ಎಲ್ಲವೂ ಮರಾಠಿ. ನನ್ನ ಮಕ್ಕಳು ಕೂಡ ಅವಳ ಕನ್ನಡಕ್ಕೆ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದರು. "ದೇವರಿಗಿ ಎಲ್ಲಾ ಭಾಷಾ ಬರ್ತಾವ, ನನಗ ಬರಂಗಿಲ್ಲ" ಎಂದು ಕೊನೆಯ ಸಾಲಿನಲ್ಲಿ ಕೂತುಬಿಡುತ್ತಿದ್ದಳು. ಕಡೆಗೊಂದು ದಿನ ಖಡಾಖಂಡಿತವಾಗಿ ಹೇಳಿದಳು: "ಸಂಭಾಜಿನಗರದ ಸಭಾ ಒಂದು ಮುಗೀಲಿ. ಆಮ್ಯಾಲ ನನ್ನ ಬೀದರ್ ಗಾಡಿ ಹತ್ತಿಸಿಬಿಡು. ನಿಮ್ಮ ಕಾಕಾನ ಮನ್ಯಾಗ ಇರ್ತೀನಿ." ನನಗೆ ಅವ್ವ ಬೇಕಾಗಿದ್ದಳು.

ಆ ಸಭೆ ಸಣ್ಣದಲ್ಲ, ಸುತ್ತಲಿನ ಊರುಗಳ ಚರ್ಚಿನವರೆಲ್ಲ ಸೇರುವಂಥದ್ದು. ಮುಖ್ಯ ಪ್ರಸಂಗ, ಅಂದರೆ ಬೋಧನೆ, ನಮ್ಮ ಪಾಸ್ಟರರದು; ವಿಷಯ ಒಳ್ಳೆಯ ಕುರುಬ, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನೇ ಹುಡುಕಿಕೊಂಡು ಹೋದವನ ಕಥೆ. ಪಾಸ್ಟರರಿಗೆ ಮೊದಲ ಸಲ ಅಷ್ಟು ದೊಡ್ಡ ಅವಕಾಶ ಸಿಕ್ಕಿತ್ತು. ಸಿಕ್ಕಸಿಕ್ಕವರ ಮುಂದೆಲ್ಲ ಒಪ್ಪಿಸಿ ನೋಡಿ, ಹೊಸ ಅಂಗಿಯನ್ನೂ ಹೊಲಿಸಿಕೊಂಡಿದ್ದರು.

ಹೊರಡುವ ದಿನ ಇನ್ನೂ ಬೆಳಕು ಹರಿದಿರಲಿಲ್ಲ. ಸ್ಟೇಷನ್ ಎದುರು ನಮ್ಮದೊಂದು ಬಸ್ಸು, ಒಂದು ಜೀಪು. ಹಾಡುವವರೂ ಮಕ್ಕಳೂ ಬಸ್ಸಿಗೆ, ವಯಸ್ಸಾದವರು ಜೀಪಿಗೆ. ನಾನು ಹಾಡುವವಳು; ಅವ್ವನಿಗೆ ಜೀಪನ್ನು ಬೆರಳು ಮಾಡಿ ತೋರಿಸಿ ಬಸ್ಸಿಗೆ ಓಡಿದೆ. ಯೇವಲಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜೀಪಿನಿಂದ ಹಿರಿಯರು ಸೊಂಟ ಹಿಡಿದುಕೊಂಡು ಒಬ್ಬೊಬ್ಬರಾಗಿ ಇಳಿದರು. ಅವ್ವ ಇಳಿಯಲಿಲ್ಲ. ಅವಳು ಮಗಳ ಜೊತೆ ಬಸ್ಸಿನಲ್ಲಿದ್ದಾಳೆಂದು ಅವರು ತಿಳಿದಿದ್ದರು, ಜೀಪಿನಲ್ಲಿದ್ದಾಳೆಂದು ನಾನು.

ನಾನು ಫೋನು ತೆಗೆಯುವಷ್ಟರಲ್ಲಿ ಅವಳದೇ ಫೋನು ಬಂತು.

"ಎಲ್ಲಿದ್ದೀಯೇ? ನಾವು ಬಂದು ಮುಟ್ಟೀವಿ."

"ಎಲ್ಲಿಗಿ ಮುಟ್ಟೀರವ್ವಾ?"

"ಇಲ್ಲೇ. ಗುಡಿ ಮುಂದ."

ಅವಳು ಹತ್ತಿದ್ದು ತ್ರ್ಯಂಬಕೇಶ್ವರಕ್ಕೆ ಹೋಗುವ ಜೀಪು. ಆಗತಾನೇ ರೈಲಿಳಿದ ಕಲಬುರಗಿಯ ಹೆಂಗಸರು ಅದರಲ್ಲಿ ಕೂತು ಹರಟುತ್ತಿದ್ದರಂತೆ, ಅಚ್ಚ ನಮ್ಮ ಕಡೆಯ ಮಾತಿನಲ್ಲಿ. ಕಿವಿಗೆ ಬಿದ್ದದ್ದೇ ತಡ, ಯಾವುದೋ ಕನ್ನಡ ಚರ್ಚಿನವರೂ ಸಭೆಗೆ ಹೊರಟಿದ್ದಾರೆಂದು ಅವ್ವ ಏರಿ ಕೂತಿದ್ದಾಳೆ. ಅವರ ಹಣೆಯ ವಿಭೂತಿ ಕತ್ತಲಲ್ಲಿ ಕಾಣಲಿಲ್ಲವಂತೆ. ಆಮೇಲೆ ಕಂಡರೂ ಮಾತು ಅಷ್ಟು ರಂಗೇರಿತ್ತು, ಲಕ್ಷ್ಯವಿರಲಿಲ್ಲವಂತೆ. ಎತ್ತು ಏರಿಗೆ, ಕೋಣ ನೀರಿಗೆ; ನಾವು ಪೂರ್ವಕ್ಕೆ, ಅವ್ವ ಪಶ್ಚಿಮಕ್ಕೆ. ಹೆದರಿಕೆಯ ನಡುವೆಯೂ ನನಗೆ ನಗು ತಡೆಯಲಾಗಲಿಲ್ಲ. ಚಹಾದಂಗಡಿಯ ಕಂಬ ಹಿಡಿದುಕೊಂಡು ನಕ್ಕೆ. ಅಳುತ್ತಿದ್ದೇನೆಂದು ಯಾರೋ ನೀರು ತಂದುಕೊಟ್ಟರು.

ಚರ್ಚಿನ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ಫೋನಿನಲ್ಲೇ ಹೇಳಿ ಅಜ್ಜಿಯನ್ನು ನಾಸಿಕ್ ರೋಡಿನ ಜೀಪಿಗೆ ಕೂರಿಸಿದರಾಯಿತು, ಒಬ್ಬರಿಗಾಗಿ ಇಷ್ಟು ಜನರನ್ನು ಬಿಟ್ಟು ಹೋಗುವುದುಂಟೇ ಎಂದರು. ಅಂದ ಮೇಲೆ ಅವತ್ತಿನ ಪ್ರಸಂಗ ಯಾವುದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಬಸ್ಸಿನ ಹುಡುಗಿಯರು ಕಿಸಕ್ಕೆಂದರು. ಪಾಸ್ಟರ್ ಮಾತ್ರ ನಗಲಿಲ್ಲ. "ಆಜೀ ಏಕಟ್ಯಾ ಆಹೇತ್" ಎಂದರು, ಅಜ್ಜಿ ಒಬ್ಬರೇ ಇದ್ದಾರೆ ಎಂದು. ಪ್ರಸಂಗದ ಹಾಳೆಗಳನ್ನು ಅದೇ ಹಿರಿಯರ ಕೈಗೆ ಕೊಟ್ಟು, ಜೀಪಿನವರನ್ನೆಲ್ಲ ಬಸ್ಸಿನಲ್ಲಿ ತುರುಕಿ, ನನ್ನನ್ನು ಕರೆದುಕೊಂಡು ಬಂದ ದಾರಿಗೆ ಜೀಪು ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಗುಡಿಯ ಹತ್ತಿರದ ಲಾಡ್ಜಿನ ಕಟ್ಟೆಯ ಮೇಲೆ ಅವ್ವ ಸಿಕ್ಕಳು. ಸುತ್ತಲೂ ಚೀಲಗಳು, ಮುಂದೆ ಸಾಲಾಗಿ ಚಪ್ಪಲಿಗಳು. ಚೀಲಕ್ಕೆ ಮೂತಿ ಹಾಕಲು ಬಂದ ಆಕಳನ್ನು ಕೊಡೆಯಿಂದ ಗದರಿಸುತ್ತಿದ್ದಳು. ಮುಖ ನೋಡಿದರೆ ಬೀದರಿನ ಅವ್ವ.

"ಏಳವ್ವಾ, ಹೋಗೂಣು."

"ಹೆಂಗ ಬರ್ಲಿ? ಅವರು ಲೈನಿನ್ಯಾಗ ನಿಂತಾರ. ನನ್ನ ನಂಬಿ ಚೀಲ ಬಿಟ್ಟು ಹೋಗ್ಯಾರ."

ನಾನು ಸಿಟ್ಟಿಗೇಳುವ ಮೊದಲೇ ಪಾಸ್ಟರ್ ಹೊಸ ಅಂಗಿಯ ಚಿಂತೆ ಬಿಟ್ಟು ಅವಳ ಪಕ್ಕ ಕಟ್ಟೆಯ ಮೇಲೆ ಕೂತರು. ಕಲಬುರಗಿಯವರು ಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ಅವ್ವ ಪಾಸ್ಟರರ ಅಂಗೈಗೆ ಹಾಕಿದಳು. ಅವರು ಮರಾಠಿಯಲ್ಲಿ ಒಂದು ಕೇಳಿದರೆ ಇವಳು ಕನ್ನಡದಲ್ಲಿ ಇನ್ನೊಂದು ಹೇಳಿದಳು. ಅಪ್ಪನ ಕೊನೆಯ ದಿನಗಳು, ತನ್ನ ಮೊಣಕಾಲು, ತನ್ನ ಮಾತು ತಿಳಿಯದ ಮೊಮ್ಮಕ್ಕಳು, ಎಲ್ಲ ಬಂತು. ನಾನು ಮರಾಠಿಯಲ್ಲಿ ಹೇಳಹೋದರೆ ಪಾಸ್ಟರ್ ಕೈಸನ್ನೆಯಿಂದ ಸುಮ್ಮನಿರಿಸಿದರು. ಒಂದಕ್ಷರ ತಿಳಿಯದೆ, ಅವಳ ಮುಖವನ್ನೇ ನೋಡುತ್ತಾ, ಅವಳ ಕಣ್ಣು ತುಂಬಿದಾಗ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಅಪ್ಪನ ವಿಷಯ ಅವಳು ನನ್ನ ಹತ್ತಿರವೂ ಅಷ್ಟು ಹೇಳಿರಲಿಲ್ಲ.

ದರ್ಶನ ಮುಗಿಸಿ ಬಂದ ಹೆಂಗಸರು, "ಇವರು ಯಾರ್ರೀ?" ಎಂದರು.

"ನಮ್ಮ ಪಾಸ್ಟರ್ ಸಾಹೇಬ್ರು. ನನ್ನ ಹುಡುಕ್ಕೋತ ಅಷ್ಟು ದೂರದಿಂದ ಬಂದಾರ."

"ಅಯ್ಯ, ಇಂಥ ಸ್ವಾಮಿಗೋಳು ಯಾರಿಗಿ ಸಿಗ್ತಾರ್ರೀ" ಎನ್ನುತ್ತಾ ಒಬ್ಬಾಕೆ ಅವರ ಕಾಲಿಗೆ ಬಗ್ಗಿದಳು. ಪಾಸ್ಟರ್ ಗಾಬರಿಯಿಂದ ಎರಡೂ ಕಾಲು ಮೇಲೆತ್ತಿಕೊಂಡರು. ಹಿಂಡಿ ಅಂಗಿಯ ಮೇಲೆಲ್ಲ ಚೆಲ್ಲಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಹೆಂಗಸರು ನಕ್ಕರು, ಪಾಸ್ಟರ್ ತಾವೂ ನಕ್ಕರು. ನನಗಂತೂ ಪಕ್ಕೆ ಹಿಡಿದುಕೊಂಡಿತು.

ವಾಪಸ್ ಬರುವಾಗ ದಾರಿಯಲ್ಲಿ ಪಾಸ್ಟರರ ಫೋನು ಮೊಳಗಿತು. ಸಭೆ ಮುಗಿದಿತ್ತು, ಹಿರಿಯರು ಹಾಳೆಗಳನ್ನು ತಡವರಿಸಿ ತಡವರಿಸಿ ಓದಿ ಮುಗಿಸಿದ್ದರು. ಅವ್ವ ಹಿಂದಿನ ಸೀಟಿನಿಂದ ಏನಂತೆ ಎಂದಳು. ಹೇಳಿದೆ. ಪ್ರಸಂಗ ಮಾಡಬೇಕಾದವರು ಇವರೇ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದಕ್ಕೆ ಬಾಗಿ ಪಾಸ್ಟರರ ಭುಜವನ್ನು ಕೊಡೆಯಿಂದ ತಟ್ಟಿದಳು.

"ಅಷ್ಟು ಮಂದೀನ ಬಿಟ್ಟು ಬರ್ತಾರೇನ್ರೀ ಸಾಹೇಬ್ರ? ಶಾಣ್ಯಾ ಮನಷ್ಯಾರು ನೀವು." ಉಸಿರು ಎಳೆದುಕೊಂಡಳು. "ಆ ಪ್ರಸಂಗ ನೀವು ಬರೂ ಆಯ್ತವಾರ ನಮ್ಮ ಚರ್ಚಿನ್ಯಾಗ ಹೇಳ್ರಿ. ನನಗ ತಿಳಿಯಂಗಿಲ್ಲ, ತಿಳೀದಿದ್ರೂ ಚಿಂತಿಲ್ಲ. ಮುಂದಿನ ಸಾಲಿನ್ಯಾಗ ಕುಂದರ್ತೀನಿ."

ಪಾಸ್ಟರ್ ನನ್ನ ಕಡೆ ತಿರುಗಿ, ಅಜ್ಜಿ ಏನೆನ್ನುತ್ತಾರೆ ಎಂದು ಕೇಳಿದರು. ಹೇಳಲು ಬಾಯಿ ತೆರೆದೆ. ನಗು ಬಂತು, ಅಳು ಬಂತು, ಮರಾಠಿ ಮಾತ್ರ ಬರಲಿಲ್ಲ.