ಎಲ್ಲರೂ ಶ್ರೀಮಾನ್ ಆದದ್ದು

ಫೈಲು ತಿದ್ದಲು ಮೌಸ್ ಹಿಡಿಯುವವರನ್ನು ಕಂಡರೆ ನನಗೆ ಒಳಗೊಳಗೇ ಕನಿಕರ. ಐರೋಲಿಯ ಆಫೀಸಿನಲ್ಲಿ ಕಪ್ಪು ಪರದೆಯ ಮುಂದೆ ಕೂತು, ಒಂದೇ ಸಾಲಿನ ಕಮಾಂಡಿನಿಂದ ಸಾವಿರ ಕಡೆ ಇರುವ ಪದವನ್ನು ಒಂದೇ ಏಟಿಗೆ ಬದಲಿಸುವವಳು ನಾನು. ಫೈಲು ತೆರೆದು ನೋಡುವುದೂ ಇಲ್ಲ. ರುಚಿ ನೋಡದೆ ಸಾರು ಬಡಿಸುವಂಥ ಧೈರ್ಯ ಅದು.

ತಮ್ಮನ ನಿಶ್ಚಿತಾರ್ಥದ ಕರೆಯೋಲೆ ಬರೆಯುವ ಕೆಲಸ ಹಾಗಾಗಿಯೇ ನನ್ನ ಪಾಲಿಗೆ ಬಂತು. ನಾವು ಧಾರವಾಡ ಕಡೆಯವರು. ಹುಡುಗಿ ಶ್ರೀಲತಾ, ಡೊಂಬಿವಲಿಯಲ್ಲಿ ಶಾಕಾಹಾರಿ ಹೋಟೆಲು ನಡೆಸುವ ಉಡುಪಿಯ ಭಟ್ಟರ ಮಗಳು. ಊಟದ ಏರ್ಪಾಡು ನಮ್ಮದೇ. ಹಿರಿಯರ ಹೆಸರು, ಮುಹೂರ್ತ, ಊಟದ ಬಗೆ ಎಲ್ಲ ಬರೆದೆ. ಅಪ್ಪ ಓದಿ ಮುಖ ಸಿಂಡರಿಸಿದರು.

"ಬರೇ ಶ್ರೀ ಅಂದ್ರ ಹೆಂಗವಾ? ಬೀಗರು ಏನಂದಾರು? ಎಲ್ಲಾರಿಗೂ ಶ್ರೀಮಾನ್ ಅಂತ ಹಾಕು."

"ಒಂದ ಸೆಕೆಂಡ್ ಅಪ್ಪಾ," ಎಂದೆ. 'ಶ್ರೀ' ಇದ್ದಲ್ಲೆಲ್ಲ 'ಶ್ರೀಮಾನ್' ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಅದು ಮರುಮಾತಾಡದೆ ಮಾಡಿತು. ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿಯೂ ಬಿಟ್ಟೆ.

ಚಹಾ ಆರುವ ಮೊದಲೇ ಭಟ್ಟರ ಫೋನು.

"ಅಲ್ಲಮ್ಮಾ, ಊಟಕ್ಕೆ ಖಂಡ ಉಂಟಾ? ಅದೂ ಮರ್ಯಾದೆ ಕೊಟ್ಟು ಬರೆದಿದ್ದೀರಿ! ಹೀಗಾದರೆ ಈ ಸಂಬಂಧವೇ ಬೇಡ ನಮಗೆ."

ಫೋನು ಹಿಡಿದೇ ಫೈಲು ತೆರೆದೆ. ಪೂರಿಯ ಪಕ್ಕ ಇದ್ದ ಶ್ರೀಖಂಡ 'ಶ್ರೀಮಾನ್ಖಂಡ'ವಾಗಿ ಕೂತಿತ್ತು. ಮದುಮಗಳು 'ಶ್ರೀಮಾನ್ಲತಾ'. ಶ್ರೀಮತಿಯರೆಲ್ಲ 'ಶ್ರೀಮಾನ್ಮತಿ'. ನಮ್ಮ ಶ್ರೀನಿವಾಸ ಕಾಕಾ 'ಶ್ರೀಮಾನ್ ಶ್ರೀಮಾನ್ನಿವಾಸ' ಆಗಿದ್ದರು. ಅವರೊಬ್ಬರಿಂದ ಮಾತ್ರ ದೂರು ಬರಲಿಲ್ಲ.

"ಅದು ಶ್ರೀಖಂಡ ರೀ! ಮೊಸರು, ಸಕ್ಕರಿ, ಏಲಕ್ಕಿ!" ಎಂದು ಹೆಚ್ಚುಕಡಿಮೆ ಕಿರುಚಿದೆ. ಆದದ್ದನ್ನೆಲ್ಲ ಹೇಳಿಕೊಂಡೆ.

ಆ ಕಡೆಯಿಂದ ಫೋನೇ ನಡುಗುವಂಥ ನಗು. ಅಷ್ಟರಲ್ಲಿ ಭಟ್ಟರ ತಾಯಿ ಫೋನು ಕಸಿದುಕೊಂಡರು.

"ಮಗಾ, ಖಂಡ ತೆಗಿ. ಮೊಮ್ಮಗಳನ್ನು ಸರಿ ಮಾಡು. ನನ್ನ ಹೆಸರಿನ ಮುಂದಿನ ಶ್ರೀಮಾನ್ ಮಾತ್ರ ಮುಟ್ಟಬೇಡ. ಇಷ್ಟು ವರ್ಷ ಗಂಡಸರಿಗೆ ಬಡಿಸಿ ಬಡಿಸಿ ಕಡೆಗೆ ಉಂಡದ್ದು ಸಾಕು. ಈ ಸಲ ಮೊದಲ ಪಂಕ್ತಿಗೆ ನಾನು."

ಒಂದೊಂದೇ ಸಾಲು ಓದಿ ಕೈಯಾರೆ ತಿದ್ದಿದೆ. ಅಜ್ಜಿಯ ಸಾಲನ್ನು ಹಾಗೇ ಬಿಟ್ಟೆ.

ನಿಶ್ಚಿತಾರ್ಥದ ದಿನ ಅಜ್ಜಿ ಸೆರಗು ಸಿಕ್ಕಿಸಿ ಗಂಡಸರ ಪಂಕ್ತಿಯ ಮೊದಲ ಎಲೆಗೆ ಬಂದು ಕೂತರು. ಉಳಿದವರು ಒಂದೊಂದು ಎಲೆ ಆಚೆ ಸರಿದರು. ಜಾಗ ಸಾಲದೆ ಎದ್ದ ಅಪ್ಪ ಸೌಟು ಹಿಡಿದು ಬಡಿಸಲು ಹೊರಟರು. ಆ ಕೆಲಸ ಅವರಿಗೆ ಹೊಸದು. ನೇರ ಅನ್ನಕ್ಕೇ ಕೈ ಹಾಕಿದರು.

"ಮೊದಲು ಉಪ್ಪು ಬಡಿಸಬೇಕು ಮಾರಾಯ್ರೇ," ಎಂದು ಅಜ್ಜಿ ಅವರನ್ನು ತಿದ್ದಿದರು.